ಮಣ್ಣಿನಲ್ಲಿ ಕರಗುವ ಬಟ್ಟೆ

ಪಾಸ್ಕು ಸತ್ತವನ ಕೋಟಿನ ತೋಳಿನ ಒಳಹೊಲಿಗೆಯಿಂದ ಒಂದು ಎಳೆ ಕಿತ್ತುಕೊಂಡು ಕಿಟಕಿಯ ಹತ್ತಿರ ಹೋದ. ಬೆಂಕಿಕಡ್ಡಿ ಗೀರಿ ಎಳೆಯ ತುದಿಗೆ ಮುಟ್ಟಿಸಿದ. ಅದು ಬೂದಿಯಾಗಲಿಲ್ಲ. ಸುರುಳಿ ಸುತ್ತಿ, ಕುಗ್ಗಿ, ಕೊನೆಗೆ ಸಾಸಿವೆಯಷ್ಟು ದೊಡ್ಡ ಕಪ್ಪು ಮಣಿಯಾಗಿ ನಿಂತಿತು. ಎರಡು ಬೆರಳುಗಳ ನಡುವೆ ಒತ್ತಿ ನೋಡಿದ. ಪುಡಿಯಾಗಲಿಲ್ಲ.

“ಟೆರಿಲಿನ್,” ಎಂದ, ಮನೆಯೊಡತಿಯ ಕಡೆ ತಿರುಗಿ. “ಇದು ನಡೆಯಲ್ಲ, ಬಾಯ್.”

ಪಾಸ್ಕು ಇಗರ್ಜಿಯ ಗಂಟೆ ಬಾರಿಸುವವನು. ಸ್ಮಶಾನದಲ್ಲಿ ಗುಂಡಿ ತೋಡುವವನೂ ಅವನೇ. ಹೊತ್ತು ಹತ್ತೂವರೆಯಾಗಿತ್ತು, ಮಣ್ಣು ಮಾಡುವುದು ಸಂಜೆ ನಾಲ್ಕಕ್ಕೆ. ಹಜಾರದ ಮೇಜಿನ ಮೇಲೆ ಕಾಯ್ತಾನ್ ಕುತ್ತಿಗೆಯವರೆಗೆ ಬಿಳಿಯ ಹಾಸುಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಇಳಿಹೊತ್ತಿನಲ್ಲಿ ಚಹಾದ ಲೋಟ ಕೆಳಗಿಟ್ಟು ಎದೆ ಒತ್ತಿಕೊಂಡವನು, ಡಾಕ್ಟರು ಫೆರಿ ಇಳಿದು ನಡುಗಡ್ಡೆಗೆ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನಿಗೆ ಎಪ್ಪತ್ತನಾಲ್ಕು ವರ್ಷ.

ಅವನ ಹೆಂಡತಿ ಪಿಯೆದಾದ್ ಆ ಕೋಟಿನ ಜೊತೆಯ ಪ್ಯಾಂಟನ್ನು ಇಸ್ತ್ರಿ ಮಾಡಿ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಹಡಗಿನಲ್ಲಿ ದುಡಿದು ಬಂದವನೊಬ್ಬನಿಗೆ ಹೊಟ್ಟೆ ಬೆಳೆದು ಹಿಡಿಸದೆ ಹೋಗಿ, ಅರ್ಧ ಬೆಲೆಗೆ ಮಾರಿದ ಸೂಟು ಅದು. ಮೂವತ್ತೈದು ವರ್ಷಗಳಿಂದ ಮದುವೆ, ಹಬ್ಬ, ಸಾವು ಎಲ್ಲಕ್ಕೂ ಕಾಯ್ತಾನ್ ಅದನ್ನೇ ಹಾಕಿದ್ದ. ಹಾಕಿದಾಗಲೆಲ್ಲ ಇದು ನನಗಿಂತ ಹೆಚ್ಚು ಬಾಳುತ್ತೆ ನೋಡು ಎನ್ನುತ್ತಿದ್ದ. ಪಿಯೆದಾದ್ ಅದನ್ನೇ ಪಾಸ್ಕುವಿಗೆ ಹೇಳಿದಳು.

“ಅದೇ ಅಲ್ವಾ ತೊಂದರೆ,” ಎಂದ ಪಾಸ್ಕು.

ಒರಟಾಗಿ ಹೇಳಲಿಲ್ಲ. ಎರಡು ವರ್ಷದ ಹಿಂದೆ ಪಾದ್ರಿಗಳು ಪೂಜೆಯ ಕೊನೆಯಲ್ಲಿ ಓದಿದ ಸೂಚನೆಯನ್ನು ನೆನಪಿಸಿದ. ಸ್ಮಶಾನದಲ್ಲಿ ಇರುವ ಜಾಗ ಇಷ್ಟೇ. ಮೂರು ವರ್ಷಕ್ಕೊಮ್ಮೆ ಗುಂಡಿ ತೆಗೆದು ಮೂಳೆಗಳನ್ನು ಗೋಡೆಯ ಗೂಡಿಗೆ ಸೇರಿಸಿ, ಅದೇ ಗುಂಡಿಯನ್ನು ಇನ್ನೊಬ್ಬರಿಗೆ ಕೊಡಬೇಕು. ಆದ್ದರಿಂದ ಹೆಣದ ಮೇಲೆ ಹತ್ತಿಯಲ್ಲದ ಬಟ್ಟೆ, ಪ್ಲಾಸ್ಟಿಕ್, ಬೂಟು ಯಾವುದೂ ಕೂಡದು.

“ಹೋದ ತಿಂಗಳು ಆಲೂಶನ ಗುಂಡಿ ತೆಗೆದೆ. ನಾಲ್ಕು ವರ್ಷ ಆಗಿತ್ತು,” ಎಂದ. “ಕೋಟು ಹಾಗೇ ಇತ್ತು, ಬಟನ್ ಸಮೇತ. ಒಳಗೆ ಮನುಷ್ಯ ಮಾತ್ರ ಇರಲಿಲ್ಲ.”

ಆಮೇಲೆ ಅವರು ಕಪಾಟು ತೆಗೆದರು. ಏಳು ಅಂಗಿಗಳಿದ್ದವು. ಪಾಸ್ಕು ಏಳು ಎಳೆ ಕಿತ್ತು ಸುಟ್ಟ. ಕಿಟಕಿಯ ಕಲ್ಲಿನ ಮೇಲೆ ಏಳು ಮಣಿಗಳು ಸಾಲಾಗಿ ಕೂತವು. ಬನಿಯನ್ನುಗಳು ಬೆವರು ಹಿಡಿಯದ ನೈಲಾನ್ ಬಲೆಯವು. ಇಗರ್ಜಿಯ ಸಂಘದವರು ಮೆರವಣಿಗೆಗೆ ಹಾಕುವ ಕೆಂಪು ನಿಲುವಂಗಿಯೂ ಈಚೆಗೆ ಅದೇ ಜಾತಿಯದು. ಕೈಗೆ ಸುತ್ತಿದ್ದ ಜಪಸರ ಪ್ಲಾಸ್ಟಿಕ್ಕಿನದು. ಅದನ್ನು ಬಿಚ್ಚಿ ಮಗಳು ಬೆರ್ತಾಳ ಮರದ ಸರ ಸುತ್ತಿದರು. ಬಾಯಲ್ಲಿದ್ದ ಹಲ್ಲಿನ ಸೆಟ್ಟು ಮುರಿದಾಗ ಕಾಯ್ತಾನ್ ತಾನೇ ಅಂಟು ಹಚ್ಚಿ ಕೂಡಿಸಿಕೊಂಡದ್ದು. ಪಾಸ್ಕು ಅದನ್ನೂ ಬಗ್ಗಿ ನೋಡಿ, ಹಲ್ಲಿನ ವಿಷಯ ಪಾದ್ರಿಗಳು ಏನೂ ಹೇಳಿಲ್ಲ, ಇರಲಿ ಎಂದ.

ಕಾಯ್ತಾನನ ಅಕ್ಕ ಎಫಿಜೇನಿ ಇಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಈಗ ಎದ್ದು ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದು, ತಳದಿಂದ ಖಾಕಿ ಬಟ್ಟೆಯ ಒಂದು ಕಟ್ಟು ತಂದು ಮೇಜಿನ ಅಂಚಿನಲ್ಲಿಟ್ಟಳು. ಫೆರಿಯಲ್ಲಿ ಖಲಾಸಿಯಾಗಿದ್ದಾಗ ಸರಕಾರ ಕೊಟ್ಟಿದ್ದ ಸಮವಸ್ತ್ರ. ಪಾಸ್ಕು ಎಳೆ ಸುಟ್ಟ. ಬೂದಿಯಾಯಿತು.

“ನೋಡು,” ಎಂದಳು ಎಫಿಜೇನಿ. “ದೇವರು ಒಂದು ಜೊತೆ ಉಳಿಸಿದ್ದಾನೆ.”

ಆದರೆ ಪಾಸ್ಕು ಪ್ಯಾಂಟು ಬಿಡಿಸಿ ಹಿಡಿದಾಗ ಮೊಣಕಾಲಿನ ಎರಡೂ ಕಡೆ ಅಂಗೈಯಗಲದ ತೇಪೆಗಳು ಕಂಡವು. ಕಾಯ್ತಾನ್ ದೋಣಿಯ ಹಳೆಯ ಟಾರ್ಪಾಲಿನಿಂದ ಕತ್ತರಿಸಿ, ಮೀನು ಹಿಡಿಯುವ ನೈಲಾನ್ ದಾರದಿಂದ ಹೊಲಿದವು. ತೇಪೆ ಬಿಚ್ಚಿದರೆ ಹಾಕಬಹುದು ಎಂದ ಪಾಸ್ಕು. ತೇಪೆ ಬಿಚ್ಚಿದರೆ ಅಲ್ಲಿ ಬಟ್ಟೆಯೇ ಇರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

*

ಕಾಯ್ತಾನ್ ಮೊದಲಿನಿಂದಲೂ ಹೀಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲ ಹುಡುಗರಂತೆ ಹತ್ತಿಯ ಅಂಗಿ ಹಾಕಿ, ಸಂಬಳ ಬಂದ ದಿನ ಪಣಜಿಗೆ ಹೋಗಿ ಖರ್ಚು ಮಾಡಿ ಬರುತ್ತಿದ್ದ.

ಆಗ ಫೆರಿಯನ್ನು ದಂಡೆಗೆ ಕಟ್ಟುತ್ತಿದ್ದದ್ದು ತೆಂಗಿನ ನಾರಿನ ಹಗ್ಗದಿಂದ. ಉಪ್ಪುನೀರು, ಬಿಸಿಲು, ಮಳೆಗೆ ಅದು ಒಳಗೊಳಗೇ ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಒಂದು ಆಷಾಢದಲ್ಲಿ ನದಿ ತುಂಬಿ ಹರಿಯುತ್ತಿದ್ದಾಗ, ಕಾಯ್ತಾನ್ ಎಸೆದ ಹಗ್ಗವನ್ನು ಅವನ ಗೆಳೆಯ ಇನಾಸ್ ಗೂಟಕ್ಕೆ ಸುತ್ತಿದ. ದೋಣಿ ಜಗ್ಗಿತು. ಹಗ್ಗ ನಡುವೆ ಹರಿದು, ಬಿಗಿದಿದ್ದ ತುದಿ ಇನಾಸನ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡು ಹೋಯಿತು. ಬೆಳಿಗ್ಗೆ ಹಗ್ಗ ನೋಡಿ ಸರಿಯಿದೆ ಎಂದವನು ಕಾಯ್ತಾನನೇ.

ಮರುವರ್ಷ ಇಲಾಖೆ ನೈಲಾನ್ ಹಗ್ಗ ಕೊಟ್ಟಿತು. ಅಂದಿನಿಂದ ಕಾಯ್ತಾನ್ ಬೇರೆ ಮನುಷ್ಯನಾದ ಎಂದರೆ ಹೆಚ್ಚಾದೀತು. ಆದರೆ ಕೊಳೆಯುವ ವಸ್ತುಗಳನ್ನು ನಂಬುವುದನ್ನು ಬಿಟ್ಟ. ಇಲಾಖೆ ಬಿಸಾಡಿದ ಹಗ್ಗದ ತುಂಡುಗಳನ್ನು ಮನೆಗೆ ತಂದು ಎಳೆಎಳೆಯಾಗಿ ಬಿಡಿಸಿದ. ಅದರಿಂದ ಬೆತ್ತ ಹರಿದ ಕುರ್ಚಿಗಳನ್ನು ಹೆಣೆದ, ಬಾವಿಯ ಕೊಡಕ್ಕೆ ಹಗ್ಗ ಮಾಡಿದ, ಚಪ್ಪಲಿಯ ಬಾರು ಹೊಲಿದ. ತೂತಾದ ಬಕೆಟ್ಟಿಗೆ ಮುರಿದ ಬಾಚಣಿಗೆಯನ್ನು ಕರಗಿಸಿ ಮೆತ್ತುತ್ತಿದ್ದ. ಕೊಡೆಗೆ ಸೈಕಲ್ಲಿನ ಕಡ್ಡಿ, ಬಾಣಲೆಗೆ ಬಾಗಿಲಿನ ಹಿಡಿ. ಶುಕ್ರವಾರದ ಮಾಪ್ಸಾ ಸಂತೆಯಲ್ಲಿ ಮಧ್ಯಾಹ್ನದವರೆಗೆ ಕಾದು, ವ್ಯಾಪಾರಿಗಳು ಗಂಟು ಕಟ್ಟುವ ಹೊತ್ತಿಗೆ ಹೋಗಿ, ಡೊಂಕಾದದ್ದು, ಜೋಡಿ ತಪ್ಪಿದ್ದು, ಬಣ್ಣ ಹೋದದ್ದು ಯಾವುದಿದ್ದರೂ ಬೆಲೆ ಇಳಿಸಿ ತರುತ್ತಿದ್ದ. ಜಿಪುಣ ಎಂದು ನಗುವವರಿದ್ದರು. ಆದರೆ ಅವನು ತಿನ್ನುವುದರಲ್ಲಿ, ಕೊಡುವುದರಲ್ಲಿ ಜಿಪುಣನಾಗಿರಲಿಲ್ಲ. ವಸ್ತು ಹಾಳಾಗುವುದನ್ನು ನೋಡಲಾರದವನಾಗಿದ್ದ, ಅಷ್ಟೆ.

*

ಪಾಸ್ಕು ಗಂಟೆ ಬಾರಿಸಲು ಹೋದ ಮೇಲೆ ಹಜಾರದಲ್ಲಿ ಮನೆಯವರಷ್ಟೇ ಉಳಿದರು. ಬೆರ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಇನಾಸ್ ಮೇಣದಬತ್ತಿಗಳ ಕರಿಕು ಕತ್ತರಿಸುತ್ತಿದ್ದ. ದೀಕ್ಷಾಸ್ನಾನದ ದಿನ ಬೆರ್ತಾಳನ್ನು ಎತ್ತಿ ಹಿಡಿದ ದೇವತಂದೆ ಅವನು. ಪಿಯೆದಾದ್ ಅವನನ್ನು ಕುಂಪಾರ್ ಎಂದೂ, ಗಂಡನ ಅಕ್ಕನನ್ನು ಮಾನಾ ಎಂದೂ ಕರೆಯುತ್ತಿದ್ದಳು.

ಎಫಿಜೇನಿಯ ಅಭಿಪ್ರಾಯ ಸರಳವಾಗಿತ್ತು. ಖಾಕಿಯನ್ನೇ ಹಾಕುವುದು. ತೇಪೆ ಬಿಚ್ಚಿ, ಸೊಂಟದಿಂದ ಕೆಳಗೆ ಹೂವು ಮುಚ್ಚುವುದು. ಅದು ಅವನು ದುಡಿದ ಬಟ್ಟೆ, ಅವನ ಮೈ ಗುರುತಿರುವ ಬಟ್ಟೆ. ಪೆಟ್ಟಿಗೆಯೊಳಗೆ ಮೊಣಕಾಲು ನೋಡುವವರು ಯಾರು?

“ದೇವರ ಮುಂದೆ ಮೊಣಕಾಲೂರಬೇಕಲ್ಲ, ಮಾನಾ,” ಎಂದಳು ಪಿಯೆದಾದ್. “ಹರಿದ ಪ್ಯಾಂಟಲ್ಲಿ ಊರೋದಾ?”

“ಮತ್ತೇನು ಮಾಡ್ತೀಯಾ?”

ಪಿಯೆದಾದ್ ಗೋಡೆಯ ಗಡಿಯಾರ ನೋಡಿದಳು. ಆಮೇಲೆ, ಇವತ್ತು ಶುಕ್ರವಾರ, ಮಾಪ್ಸಾದಲ್ಲಿ ಸಂತೆಯಿದೆ, ಬೆರ್ತಾ ಹನ್ನೊಂದರ ಫೆರಿ ಹಿಡಿದರೆ ಎರಡಕ್ಕೆ ವಾಪಸು ಬರಬಹುದು ಎಂದಳು. ಹತ್ತಿಯ ಬಿಳಿ ಅಂಗಿ ಒಂದು, ಪ್ಯಾಂಟು ಒಂದು. ಹೊಸದು.

ಎಫಿಜೇನಿ ತಮ್ಮನ ಮುಖ ನೋಡಿದಳು, ಅವನ ಹೆಂಡತಿಯ ಮುಖ ನೋಡಿದಳು.

“ಹೊಸ ಅಂಗಿ ಹಾಕಿದರೆ ಇವನು ಎದ್ದು ಕೂತು ಅಂಗಡಿಗೆ ವಾಪಸು ಕೊಡು ಅಂತಾನೆ,” ಎಂದಳು. “ಬದುಕಿದ್ದಾಗ ಒಪ್ಪಲಿಲ್ಲ. ಈಗ ಬಾಯಿಲ್ಲ ಅಂತ ಹಾಕ್ತೀಯಾ?”

ಪಿಯೆದಾದ್ ಹಾಸುಬಟ್ಟೆಯ ಅಂಚು ಸರಿಮಾಡಿದಳು. ಮಾತು ಸರಿಯಾದ ಜಾಗಕ್ಕೇ ತಗುಲಿತ್ತು. ಪಾಸ್ಕು ಏಳನೆಯ ಎಳೆ ಸುಟ್ಟಾಗ ಅವಳ ಮನಸ್ಸಿನಲ್ಲಿ ಏನೋ ಹಗುರಾಗಿತ್ತು. ಸಂತೋಷ ಎನ್ನಲಾಗದು, ಗಂಡ ಎದುರಿಗೆ ತಣ್ಣಗೆ ಮಲಗಿರುವಾಗ ಯಾವ ಹೆಂಗಸಿಗೆ ಸಂತೋಷವಾಗುತ್ತದೆ? ಆದರೆ ಅದು ಸಂತೋಷದ ನೆರೆಮನೆಯದೇ. ಇನ್ನು ಇವನಿಗೆ ಹೊಸದೇ ಹಾಕಬೇಕು, ಬೇರೆ ದಾರಿಯಿಲ್ಲ ಎಂದುಕೊಂಡಿದ್ದಳು. ಅಷ್ಟರಲ್ಲಿ ಎಫಿಜೇನಿ ಖಾಕಿ ತಂದಿದ್ದಳು. ಈಗ ಬೇರೆ ದಾರಿಯಿತ್ತು. ಹೊಸದು ಹಾಕಿದರೆ ಅದು ಅವಳ ಇಷ್ಟ. ಸತ್ತವನ ಮೇಲೆ ಸಾಧಿಸಿದ ಹಟ.

*

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದಾಗ ಪಿಯೆದಾದ್ ಮನೆಮನೆಗೆ ಕೊಬ್ಬರಿ ಬಿಸ್ಕತ್ತು ಮಾಡಿಕೊಟ್ಟು ಉಳಿಸಿದ ದುಡ್ಡಿನಲ್ಲಿ ಒಂದು ಬಿಳಿ ಅಂಗಿ ತಂದಿದ್ದಳು. ಮಾಪ್ಸಾದ ದೊಡ್ಡ ಅಂಗಡಿಯಿಂದ. ಚೌಕಾಸಿ ಮಾಡಲು ನಾಚಿಕೆಯಾಗಿ ಹೇಳಿದಷ್ಟು ಕೊಟ್ಟು. ಮುಟ್ಟಿದರೆ ಬೆಣ್ಣೆಯಂತಿದ್ದ ಹತ್ತಿ.

ಕಾಯ್ತಾನ್ ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿದ. ಬಹಳ ಚೆನ್ನಾಗಿದೆ ಎಂದ. ಅದು ಸುಳ್ಳಲ್ಲ, ಬಟ್ಟೆ ಗೊತ್ತಿದ್ದವನು. ಆಮೇಲೆ ಮೊದಲಿದ್ದ ಮಡಿಕೆಯಲ್ಲೇ ಮಡಚಿ ಕಾಗದಕ್ಕೆ ಹಾಕಿದ. ಬೆಳ್ಳಿಹಬ್ಬದ ಪೂಜೆಗೆ ಹಳೆಯ ಸೂಟಿನಲ್ಲಿ ಬಂದ. ಪೂಜೆಗೆ ಬೇಡ ಅಂತ ಎತ್ತಿಟ್ಟಿದ್ದಾನೆ, ಊಟಕ್ಕೆ ಹಾಕುತ್ತಾನೆ ಎಂದು ಅವಳು ಕಾದಳು. ಊಟಕ್ಕೂ ಹಾಕಲಿಲ್ಲ.

ಮುಂದಿನ ಶುಕ್ರವಾರ ಸಂತೆಯಿಂದ ಬಂದವನು ಮೇಜಿನ ಮೇಲೆ ಎರಡು ಟೆರಿಲಿನ್ ಅಂಗಿಗಳನ್ನು ಹರಡಿದ. ಒಂದು ನೀಲಿ, ಒಂದು ಕಂದು.

“ಒಂದರ ಬದಲಿಗೆ ಎರಡು ಕೊಟ್ಟ,” ಎಂದ. “ಹತ್ತಿ ಎರಡು ವರ್ಷ ಬಂದರೆ ಹೆಚ್ಚು, ಪಿಯೆದಾದ್. ಇವು ಇಪ್ಪತ್ತು ವರ್ಷ.”

ಅವಳಿಗೆ ದೊಡ್ಡ ಲಾಭ ಮಾಡಿಕೊಟ್ಟವನಂತೆ ಅವನ ಮುಖ ಬೆಳಗುತ್ತಿತ್ತು. ಅವಳು ಚೆನ್ನಾಗಿವೆ ಎಂದು ಒಳಗೆ ಹೋಗಿ ಮೀನು ಕೊಯ್ಯಲು ಕೂತಳು. ಅವಳು ಅತ್ತದ್ದು ಅವನಿಗೆ ಗೊತ್ತಾಗಲಿಲ್ಲ. ಗೊತ್ತಾಗಲಿ ಎಂದು ಅವಳು ಅತ್ತದ್ದೂ ಅಲ್ಲ. ಆಮೇಲೆ ಅವಳು ಅವನಿಗೆ ಏನನ್ನೂ ಕೊಳ್ಳಲಿಲ್ಲ. ಆ ಎರಡು ಅಂಗಿಗಳನ್ನು ಮಾತ್ರ ಪ್ರತಿ ವಾರ ಕಲ್ಲಿಗೆ ಬೇಕಾದ್ದಕ್ಕಿಂತ ಎರಡು ಪೆಟ್ಟು ಜೋರಾಗಿ ಹೊಡೆದು ಒಗೆದಳು. ಇಪ್ಪತ್ತೊಂದು ವರ್ಷ ಹೊಡೆದಳು. ಹರಿಯಲಿಲ್ಲ. ಈ ಬೆಳಿಗ್ಗೆ ಪಾಸ್ಕು ಸುಟ್ಟ ಏಳು ಎಳೆಗಳಲ್ಲಿ ಎರಡು ಅವುಗಳವೇ.

*

ಹನ್ನೊಂದರ ಫೆರಿಗೆ ಹತ್ತು ನಿಮಿಷವಿತ್ತು. ಬೆರ್ತಾ ಹೋಗಲೋ ಬೇಡವೋ ಎಂದು ತಾಯಿಯ ಮುಖ ನೋಡುತ್ತಿದ್ದಳು. ಪಿಯೆದಾದ್ ಮೇಣದಬತ್ತಿಯ ಹತ್ತಿರ ಹೋಗಿ, ಎಫಿಜೇನಿಗೆ ಕೇಳಿಸದಂತೆ ಇನಾಸನನ್ನು ಕೇಳಿದಳು.

“ಕುಂಪಾರ್, ನೀವು ಅವನನ್ನ ನನಗಿಂತ ಮೊದಲೇ ಬಲ್ಲವರು. ಅವನಿಗೆ ಸಿಟ್ಟು ಬರುತ್ತಾ?”

ಇನಾಸ್ ಮೂರು ಬೆರಳಿನ ಕೈಯಲ್ಲಿ ಕತ್ತರಿ ಹಿಡಿದು ಯೋಚಿಸಿದ. ಸಮಾಧಾನಕ್ಕೆ ಏನಾದರೂ ಹೇಳಬಹುದಿತ್ತು.

“ಬರುತ್ತೆ,” ಎಂದ. “ಖಂಡಿತ ಬರುತ್ತೆ.”

“ಹಾಗಾದರೆ?”

“ಬರಲಿ ಬಿಡಿ, ಪಿಯೆದಾದ್ ಬಾಯ್. ನಲವತ್ತಾರು ವರ್ಷದಲ್ಲಿ ನಿಮಗೆ ಬಂದಿಲ್ವಾ?”

ಪಿಯೆದಾದ್ ಕಪಾಟಿನಿಂದ ದುಡ್ಡು ತಂದು ಮಗಳ ಕೈಗೆ ಕೊಟ್ಟಳು. ಚೌಕಾಸಿ ಮಾಡಬೇಡ ಎಂದಳು. ಬೆರ್ತಾ ಮೂವತ್ತೆಂಟು ವರ್ಷದವಳು, ತಂದೆಯ ಬೆರಳು ಹಿಡಿದು ಸಂತೆ ಕಲಿತವಳು. ಅವಳಿಗೆ ಆ ಮಾತು ಮೊದಲು ಅರ್ಥವೇ ಆಗಲಿಲ್ಲ. ಪಿಯೆದಾದ್ ಇನ್ನೊಮ್ಮೆ ಹೇಳಿದಳು. ಎಫಿಜೇನಿ ಖಾಕಿಯನ್ನು ಮಡಚದೆ ಮೇಜಿನ ಅಂಚಿನಲ್ಲೇ ಬಿಟ್ಟಳು.

ಮಧ್ಯಾಹ್ನ ಜನ ಬರತೊಡಗಿದರು. ಎರಡಾಯಿತು, ಬೆರ್ತಾ ಬರಲಿಲ್ಲ. ನದಿಯಲ್ಲಿ ಇಳಿತವಿದ್ದು ಒಂದು ಫೆರಿ ತಡವಾಗಿದೆ ಎಂದು ಬಂದವರು ಹೇಳಿದರು. ಹಾಸುಬಟ್ಟೆ ಹೊದ್ದ ಹೆಣವನ್ನು ನೋಡಿ ಹೆಂಗಸರು ಒಬ್ಬರಿಗೊಬ್ಬರು ಏನೋ ಕೇಳಿಕೊಂಡರು. ಎರಡೂವರೆಗೆ ಎಫಿಜೇನಿ ಖಾಕಿ ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ತೇಪೆಯ ಹೊಲಿಗೆ ಬಿಚ್ಚಲು ಕೂತಳು. ನೈಲಾನ್ ದಾರ ಬ್ಲೇಡಿಗೂ ಸುಲಭಕ್ಕೆ ಬಗ್ಗಲಿಲ್ಲ. ಎಂಥಾ ಹೊಲಿಗೆ ಹಾಕಿದ್ದಾನೆ ಮಾರಾಯ ಎಂದು ಗೊಣಗುತ್ತಾ ಒಂದು ಮೊಣಕಾಲು ಮುಗಿಸುವಷ್ಟರಲ್ಲಿ ಬೆರ್ತಾ ಅಂಗಳ ಹತ್ತಿದಳು.

ಫೆರಿ ತಡವಾದದ್ದಕ್ಕೆ ಅವಳು ಕ್ಷಮೆ ಕೇಳಿದಳು. ಆಮೇಲೆ, ಯಾರೂ ಕೇಳದಿದ್ದರೂ, ತಾಯಿಗೆ ಅಂಗಡಿಯ ಸಂಗತಿ ಹೇಳಿದಳು. ಅಂಗಡಿಯವನು ಬೆಲೆ ಹೇಳಿದ. ಅವಳು ಎಣಿಸಿ ಕೊಟ್ಟಳು. ಅವನು ದುಡ್ಡು ಮುಟ್ಟದೆ ಸ್ವಲ್ಪ ಹೊತ್ತು ಅವಳನ್ನೇ ನೋಡಿದ.

“ಆಮೇಲೆ ಕೇಳಿದ, ಮಾಯ್. ‘ಕಾಯ್ತಾನ್ ಬಾಬ್ ಯಾವಾಗ ಹೋದರು?’ ಅಂತ.”

ಮೂಲೆಯಲ್ಲಿದ್ದ ಗಂಡಸರಲ್ಲಿ ಒಬ್ಬರು ನಕ್ಕು, ಕೆಮ್ಮಿದಂತೆ ಮಾಡಿದರು.

ಪಿಯೆದಾದ್ ಕಾಗದ ಬಿಡಿಸಿದಳು. ಬಂದವರನ್ನು ಅಂಗಳಕ್ಕೆ ಕಳಿಸಿ ಬಾಗಿಲು ಹಾಕಿದರು. ಪ್ಯಾಂಟನ್ನು ಹೇಗೋ ಏರಿಸಿದರು. ಅಂಗಿಯ ಹೊತ್ತಿಗೆ ತೊಂದರೆಯಾಯಿತು. ಹೆಣ ಸೆಟೆದಿತ್ತು. ತೋಳು ಮಡಿಯಲಿಲ್ಲ. ಇನಾಸ್ ಭುಜ ಎತ್ತಿ ಹಿಡಿದ, ಬೆರ್ತಾ ತೋಳು ತೂರಿಸಲು ನೋಡಿದಳು, ಆಗಲಿಲ್ಲ. ಎಲ್ಲರ ಮನೆಯಲ್ಲೂ ಆಗ ಮಾಡುವುದು ಒಂದೇ. ಬೆನ್ನಿನ ಕಡೆ ಕುತ್ತಿಗೆಯವರೆಗೆ ಅಂಗಿ ಸೀಳಿ, ಎರಡು ಹೋಳಾಗಿ ಮುಂದಿನಿಂದ ತೊಡಿಸಿ, ಬದಿಗಳನ್ನು ಮೈಯ ಕೆಳಗೆ ಸಿಕ್ಕಿಸುವುದು. ಹಳೆಯ ಅಂಗಿಯಾದರೆ ಯಾರೂ ಯೋಚಿಸುವುದಿಲ್ಲ.

ಬೆರ್ತಾ ಕತ್ತರಿ ತಂದಳು, ತಂದು ನಿಂತಳು. ಆ ಮನೆಯಲ್ಲಿ ಹೊಸ ಬಟ್ಟೆಗೆ ಕತ್ತರಿ ಹಾಕಿದ್ದನ್ನು ಅವಳು ನೋಡಿರಲಿಲ್ಲ. ಇನಾಸ್ ಕಿಟಕಿಯ ಕಡೆ ನೋಡಿದ. ಎಫಿಜೇನಿಯ ತೊಡೆಯ ಮೇಲೆ ಈಗ ಖಾಕಿಯ ಅಂಗಿಯಿತ್ತು. ಅವಳು ಅದನ್ನು ಮುಂದೆ ಚಾಚಿದಳು. ಇದಾದರೆ ಸಡಿಲವಾಗಿದೆ, ಸುಲಭವಾಗಿ ಹಿಡಿಸುತ್ತೆ ಎಂದಳು. ಗೆಲ್ಲುವ ದನಿಯಲ್ಲಿ ಹೇಳಲಿಲ್ಲ.

“ಹೊಸ ಅಂಗಿ, ಪಿಯೆದಾದ್. ಒಂದು ಸಲವೂ ಹಾಕಿಲ್ಲ. ಕತ್ತರಿಸ್ತೀಯಾ?”

“ಕತ್ತರಿಸ್ತೀನಿ, ಮಾನಾ.”

“ಯಾಕೆ ಇಷ್ಟು ಹಟ?”

ಪಿಯೆದಾದ್ ಅಂಗಿಯನ್ನು ಗಂಡನ ಎದೆಯ ಮೇಲೆ ಬೋರಲು ಹಾಕಿ ಬೆನ್ನಿನ ನಡುವೆ ಬೆರಳಿನಿಂದ ಗೆರೆ ಎಳೆದಳು. ಯಾಕೆ ಎನ್ನುವುದನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗಲೂ ಎಲ್ಲ ಹೇಳಲು ಹೊತ್ತಿರಲಿಲ್ಲ.

“ಒಂದು ಸಲ ನಾನು ಕೊಟ್ಟದ್ದನ್ನ ಇವನು ಹಾಕ್ಕೊಳ್ಳಲಿ,” ಎಂದಳು. “ಅಷ್ಟೇ. ಬಾಳಿಕೆ ಬರಬೇಕು ಅಂತಿಲ್ಲ.”

ಕತ್ತರಿಯನ್ನು ಕಾಯ್ತಾನ್ ತಿಂಗಳಿಗೊಮ್ಮೆ ಮೆಟ್ಟಿಲ ಕಲ್ಲಿಗೆ ತಿಕ್ಕಿ ಹರಿತ ಮಾಡುತ್ತಿದ್ದ. ಅದು ಎಲ್ಲೂ ತಡೆಯದೆ ಕೆಳಗಿನ ಅಂಚಿನಿಂದ ಕೊರಳಪಟ್ಟಿಯವರೆಗೆ ಒಂದೇ ಓಟದಲ್ಲಿ ಹೋಯಿತು. ಎಫಿಜೇನಿ ಖಾಕಿಯನ್ನು ಕೆಳಗಿಟ್ಟು ಎದ್ದು ಬಂದಳು. ತಮ್ಮನ ಎಡತೋಳನ್ನು ಅವಳೇ ತೊಡಿಸಿ, ಬಟ್ಟೆಯ ಬದಿಯನ್ನು ಬೆನ್ನಿನ ಕೆಳಗೆ ಸರಿಸಿ, ಸುಕ್ಕು ನೀವಿದಳು. ಕೊರಳ ಗುಂಡಿ ಹಾಕುವಾಗ, ಎಷ್ಟು ನುಣುಪಾಗಿದೆ ಎಂದಳು, ಯಾರಿಗೆ ಎಂದಿಲ್ಲದೆ. ಮುಂದಿನಿಂದ ನೋಡಿದರೆ ಕಾಯ್ತಾನ್ ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು ಎಲ್ಲಿಗೋ ಹೊರಟವನಂತಿದ್ದ. ಸ್ವಲ್ಪ ಮುಜುಗರಪಟ್ಟವನಂತೆಯೂ ಇದ್ದ.

*

ಪೂಜೆ ಮುಗಿದು ಪೆಟ್ಟಿಗೆ ಸ್ಮಶಾನಕ್ಕೆ ಬರುವಾಗ ನಾಲ್ಕೂ ಮುಕ್ಕಾಲು. ಮುಚ್ಚಳ ಹಾಕುವ ಮೊದಲು ಪಾಸ್ಕು ಅಂಗಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಪಿಯೆದಾದಳ ಕಡೆ ತಲೆಯಾಡಿಸಿದ. ಪಾದ್ರಿಗಳು ತೀರ್ಥ ಚಿಮುಕಿಸಿದರು. ಪೆಟ್ಟಿಗೆ ಕೆಳಗಿಳಿಯಿತು.

ಮಣ್ಣು ಹಾಕಲು ಮೊದಲು ಹೆಂಡತಿ ಬರಬೇಕು. ಎಫಿಜೇನಿ ಅವಳನ್ನು ಹಿಡಿದುಕೊಂಡು ಗುಂಡಿಯ ಅಂಚಿನವರೆಗೆ ತಂದಳು. ಅಲ್ಲಿ ನಿಂತು, ಬೆಳಗಿನಿಂದ ಮಾಡದಿದ್ದದ್ದನ್ನು ಮಾಡಿದಳು: ತಮ್ಮನ ಹೆಂಡತಿಯನ್ನು ತಬ್ಬಿಕೊಂಡಳು. ತಬ್ಬಿದವಳು ತಟ್ಟನೆ ಕೈ ಹಿಂದೆಗೆದು ಹೆಬ್ಬೆರಳು ನೋಡಿಕೊಂಡಳು. ಒಂದು ಹನಿ ರಕ್ತ ಬಂದಿತ್ತು.

ಪಿಯೆದಾದಳ ಕರಿಯ ಉಡುಪಿನ ಎಡತೋಳಿನ ಮೇಲೆ, ಮಣಿಕಟ್ಟಿನಿಂದ ಮೇಲಕ್ಕೆ, ಗುಂಡುಸೂಜಿಗಳು ಒಂದರ ಪಕ್ಕ ಒಂದು ಚುಚ್ಚಿಕೊಂಡಿದ್ದವು.

“ಏನೇ ಇದು?”

“ಹೊಸ ಅಂಗಿಯ ಮಡಿಕೆಗಳಲ್ಲಿದ್ದವು,” ಎಂದಳು ಪಿಯೆದಾದ್. ಅವಳೂ ಈಗಲೇ ನೋಡುತ್ತಿರುವಂತಿತ್ತು. “ಹನ್ನೊಂದು.”

“ಅಲ್ಲೇ ಬಿಸಾಡಬಾರದಿತ್ತಾ?”

ಪಿಯೆದಾದ್ ತೋಳನ್ನು ಬೆಳಕಿಗೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಕಣ್ಣು ಹಾಯಿಸಿದಳು.

“ಒಂದೂ ಬಾಗಿಲ್ಲ, ಮಾನಾ.”

ಒಂದು ಸಡಿಲವಾಗಿತ್ತು, ಅದನ್ನು ಬಟ್ಟೆಯೊಳಕ್ಕೆ ಇನ್ನಷ್ಟು ಒತ್ತಿದಳು. ಆಮೇಲೆ ಬಗ್ಗಿ ಎಡಗೈ ತುಂಬ ಮಣ್ಣು ತೆಗೆದುಕೊಂಡು ಗುಂಡಿಗೆ ಚೆಲ್ಲಿದಳು. ಇಳಿಬಿಸಿಲಿನಲ್ಲಿ ತೋಳಿನ ಮೇಲಿನ ಹನ್ನೊಂದೂ ಒಟ್ಟಿಗೆ ಮಿನುಗಿದವು.